ಕದಲದ ಕೋಲು

ದಾಳ ಉರುಳಿಸಿ ಕತೆ ಕಟ್ಟುವ 'ಡಂಜನ್ಸ್ ಅಂಡ್ ಡ್ರಾಗನ್ಸ್' (1974) ಆಟದಲ್ಲಿ ನನಗೆ ಮಂತ್ರದ ಕತ್ತಿ ಅಂದ್ರೆ ಬೋರು. ಲೆಕ್ಕಕ್ಕೆ ಒಂದು ಕೂಡುತ್ತೆ, ಅಷ್ಟೇ. ಮಾಯಾವಸ್ತುವಿಗೆ ಏನಾದ್ರೂ ಕೊಂಕಿರಬೇಕು ಕಣ್ರೀ. ನಮ್ಮ ಅಕ್ಷಯಪಾತ್ರೆಯನ್ನೇ ನೋಡಿ, ದ್ರೌಪದಿ ಉಂಡ ಮೇಲೆ ಅವತ್ತಿಗೆ ಖಾಲಿ! ಅದಕ್ಕೇ ದೂರ್ವಾಸರ ಕತೆ ಹುಟ್ಟಿದ್ದು.

ನನ್ನ ಮೆಚ್ಚಿನದು 'ಇಮ್ಮೂವಬಲ್ ರಾಡ್'. ಗುಂಡಿ ಒತ್ತಿದ್ರೆ ಗಾಳಿಯಲ್ಲೇ ನಿಲ್ಲುವ ಕೋಲು. 8000 ಪೌಂಡ್ ಹೇರಿದ್ರೂ ಜಗ್ಗಲ್ಲ. ಬೆಂಗಳೂರಿನ ಗೆಳೆಯ ಅದನ್ನು ಡ್ರಾಗನ್ ಬಾಯಿಗೆ ಅಡ್ಡ ಇಟ್ಟ. ಹುಣಸೂರಿನವನಾದ ನನಗೆ ಹೊಳೆದದ್ದು ಹೊಗೆಸೊಪ್ಪಿನ ಬ್ಯಾರನ್ನು... ಎಲ್ರೂ ನಕ್ಕರು. ಸೊಪ್ಪು ಕಟ್ಟಿದ ಕೋಲುಗಳನ್ನು ಜೋಡಿಸೋಕೆ ಅಪ್ಪ ಅಷ್ಟೆತ್ತರ ಹತ್ತುತ್ತಿದ್ರು, ನಾನು ಕೆಳಗೆ ಉಸಿರು ಬಿಗಿಹಿಡಿದು ನಿಂತಿರ್ತಿದ್ದೆ. ಕಾಲಿಡೋಕೆ ಅಂಥದ್ದೊಂದು ಕೋಲಿದ್ದಿದ್ರೆ!