ರಸ ಯಾರಿಗೆ, ವಿಷ ಯಾರಿಗೆ?

ಪೇಟೆಯ ಉಳ್ಳವರ ಮನೆಗಳಲ್ಲಿ ಒಂದು ಚರ್ಚೆ ಜೋರಾಗಿದೆ. ಹಣ್ಣಿನ ರಸ ಸಾವಯವದ್ದೇ ಆಗಬೇಕೋ, ಮಾಮೂಲಿಯದು ಸಾಕೋ? ಆರೋಗ್ಯಕ್ಕೆ ಯಾವುದು ಒಳ್ಳೇದು? ನಾವು ಕೇಳೋದು ಇಷ್ಟೆ: ಯಾರ ಆರೋಗ್ಯಕ್ಕೆ?

ಮೊದಲು ಕುಡಿಯುವವರ ಮಾತನ್ನೇ ಆಡೋಣ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿದರು. ಸಾವಯವ ಆಹಾರದಲ್ಲಿ ಸತ್ವ ಹೆಚ್ಚೆಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಕೀಟನಾಶಕದ ಉಳಿಕೆ ಮಾತ್ರ ಕಡಿಮೆಯಿತ್ತು. ಇನ್ನು ಸಕ್ಕರೆ? 200 ಮಿಲಿ ಕಿತ್ತಳೆ ರಸದಲ್ಲಿ ಸುಮಾರು 16ರಿಂದ 20 ಗ್ರಾಂ. ಸಾವಯವದ ಚೀಟಿ ಅಂಟಿಸಿದರೆ ಅದೇನೂ ಕರಗೋಲ್ಲ. ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚಿ ಹಣ್ಣಿನ ರಸದ ಸಕ್ಕರೆಯನ್ನೂ ಸೇರಿಸಿದೆ. ಹಿಂಡಿದಾಗ ನಾರು ತಿಪ್ಪೆಗೆ ಹೋಗುತ್ತದೆ. ಇಡೀ ಹಣ್ಣು ತಿನ್ನೋದೇ ಮೇಲು.

ಹಾಗಾದರೆ ವಿಷದ ಮಾತು ಸುಳ್ಳೇ? ಅಲ್ಲ. ಆದರೆ ಲೋಟಕ್ಕೆ ಬರೋದು ಅದರ ಉಳಿಕೆ. ಪೂರಾ ಪಾಲು ಬೀಳೋದು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು 'ಔಷಧಿ' ಹೊಡೆಯುವ ಕೂಲಿಯವನ ಮೇಲೆ. ವಿಷಕ್ಕೆ ಔಷಧಿ ಅಂತ ಹೆಸರು! ಕೈಗವಸಿಲ್ಲ, ಮುಖಕ್ಕೊಂದು ಹಳೇ ಟವೆಲು. ಆರ್ಗನೋಫಾಸ್ಫೇಟ್ ಜಾತಿಯ ವಿಷ ಉಸಿರಲ್ಲೂ ಚರ್ಮದಲ್ಲೂ ಇಳಿದು ನರಗಳನ್ನು ಕೆಡಿಸುತ್ತದೆ. ತಲೆಸುತ್ತು, ವಾಂತಿ, ಕಣ್ಣು ಮಂಜು. ಹೆಚ್ಚಾದರೆ ಉಸಿರೇ ಕಟ್ಟುತ್ತದೆ.

ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಸರ್ಕಾರಿ ನಿಗಮಗಳೇ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದವು. ಕಾಸರಗೋಡಿನಲ್ಲಿ 2000ನೇ ಇಸವಿಯವರೆಗೂ ಸುರಿಯಿತು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಕೊಟ್ಟದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಒಂದು ತಲೆಮಾರೇ ನರಳಿತ್ತು. ನರಳಿದವರು ದೂರದೂರಲ್ಲಿ ಗೇರುಬೀಜ ತಿಂದವರಲ್ಲ, ತೋಪಿನ ಬದಿಯಲ್ಲಿ ಬದುಕಿದವರು.

ಸಾವಯವ ಬೇಡವೆಂದು ನಾವು ಹೇಳೋಲ್ಲ. ವಿಷವಿಲ್ಲದ ಹೊಲ ಮೊದಲು ಬೇಕಾದದ್ದು ಆ ಹೊಲದಲ್ಲಿ ದುಡಿಯುವವರಿಗೇ. ಆದರೆ ಸಾವಯವದ ಮುದ್ರೆಯ ಮೇಲೆ ಕೂಲಿ ಎಷ್ಟು ಕೊಟ್ಟಿರೆಂದು ಬರೆದಿರೋಲ್ಲ. ಗೊಬ್ಬರ ಹೊತ್ತ ತಲೆ ಯಾವ ಕೇರಿಯದೆಂದೂ ಬರೆದಿರೋಲ್ಲ. ಕುಡಿಯುವವರ ಶುದ್ಧಿಯ ಹಸಿವು ನಮಗೆ ಹೊಸದಲ್ಲ. ಮುಟ್ಟಿದರೆ ಮೈಲಿಗೆ ಅಂದವರ ನಾಡಿದು.

ಮೇಷ್ಟ್ರೇ, ಗೆಳೆಯರೇ, ವಿಷದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ಕೇರಿಯ ಮಕ್ಕಳಿಗೆ ಕಲಿಸಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಸಿಂಪಡಿಸುವವರಿಗೆ ರಕ್ಷಣೆಯ ಉಡುಪಿನ ಮಾತು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಅದನ್ನು ತೋಟದ ಗೇಟಿನಲ್ಲಿ ನಿಂತು ಕೇಳೋಣ. ಕೊಡೋವರೆಗೂ ಡಬ್ಬಿ ಹೊರೋದು ಬೇಡ.