ಕುಳಿತುಕೊಳ್ಳಲು ಒಂದು ಜಾಗ

ಚಿಕ್ಕೋಡಿ, ರಾಯಬಾಗದಂಥ ಊರಿಗೆ ಉದ್ಯಾನ ಯಾಕೆ, ಸುತ್ತಲೂ ಕಬ್ಬಿನ ಹೊಲ ಇದೆಯಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಲಕ್ಕೆ ಒಡೆಯನಿದ್ದಾನೆ, ಅಲ್ಲಿ ಸುಮ್ಮನೆ ಹೋಗಿ ಕೂರಲಾಗದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರಿಗೆ ಮನೆಯೇ ಕಾರ್ಖಾನೆ. ತಂಬಾಕಿನ ಧೂಳು, ತೊಗಲಿನ ವಾಸನೆ ಬಿಟ್ಟು ಒಂದು ತಾಸು ಎಲ್ಲಿಗೆ ಹೋಗಬೇಕು? ಗಂಡಸರಿಗೆ ಚಹಾದಂಗಡಿ ಇದೆ, ಕಟ್ಟೆ ಇದೆ. ಹೆಂಗಸರಿಗೆ ಗುಡಿ, ಅದಕ್ಕೂ ಒಂದು ನೆವ ಬೇಕು.

ಕಾನೂನಿಲ್ಲವೆಂದಲ್ಲ. ಉದ್ಯಾನ, ಮೈದಾನ, ಬಯಲು ಜಾಗಗಳನ್ನು ಉಳಿಸುವ ಕರ್ನಾಟಕದ ಕಾಯ್ದೆ 1985ರದು. ಬೆಂಗಳೂರಿನಲ್ಲಿ ಉದ್ಯಾನಕ್ಕಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಆಸ್ಪತ್ರೆಗೇ ಸಲ್ಲದ ಜಾಗ ಕಲ್ಯಾಣ ಮಂಟಪಕ್ಕೋ ಮಳಿಗೆಗೋ ಸಲ್ಲುತ್ತದೆಯೇ? ಕಾಗವಾಡ ಹೊಸ ತಾಲೂಕು. ಅಲ್ಲಿನ ಬಡಾವಣೆಗಳ ನಕ್ಷೆಗೆ ಸಹಿ ಬೀಳುವ ಮೊದಲೇ ಕೇಳಬೇಕು: ಹಸಿರು ತುಂಡು ಎಲ್ಲಿ?