ಎಂಟು ದಿನದ ಜಪಾನ್ ಪ್ರವಾಸಕ್ಕೆ ಎರಡೇ ಊರು ಸಾಕು



ಬರುವ ಮೇ ತಿಂಗಳಲ್ಲಿ ಜಪಾನಿಗೆ ಹೋಗಿಬರಬೇಕೆಂದು ನಮ್ಮ ಸಂಘದ ಹತ್ತು ಹನ್ನೆರಡು ಕುಟುಂಬದವರು ಮಾತಾಡಿಕೊಳ್ಳುತ್ತಿರುವ ವಿಷಯ ತಮಗೆಲ್ಲ ತಿಳಿದೇ ಇದೆ. 2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ದೊರಕಿದ್ದರಿಂದ, ಜೀವಮಾನದಲ್ಲಿ ಒಮ್ಮೆಯಾದರೂ ಹೊರದೇಶ ನೋಡಬೇಕೆಂಬ ಆಸೆ ಹುಟ್ಟಿರುವುದು ಸಹಜ. ಇದನ್ನು ನಾವು ದುಂದುವೆಚ್ಚವೆಂದು ಹೇಳುವವರಲ್ಲ. ಮೂವತ್ತು ನಲವತ್ತು ವರ್ಷ ತೋಟ ಬಿಟ್ಟು ಕದಲದವರು ಎಂಟು ದಿನ ಹೊರಗೆ ಹೋದರೆ ತೋಟವೇನೂ ಮುಳುಗಿ ಹೋಗುವುದಿಲ್ಲ.

ಆದರೆ ಒಂದು ಪ್ರವಾಸ ಕಂಪನಿಯವರು ಸಂಘದ ಕಛೇರಿಗೆ ಕಳಿಸಿರುವ ಕರಪತ್ರವನ್ನು ಓದಿ ನಮಗೆ ಗಾಬರಿಯಾಯಿತು. ಏಳು ದಿನದಲ್ಲಿ ಆರು ಊರು! ಟೋಕಿಯೊ, ಹಕೋನೆ, ನಗೋಯ, ಕ್ಯೋಟೊ, ಹಿರೋಶಿಮಾ, ಒಸಾಕಾ. ಓದಿದವರೆಲ್ಲ "ಇಷ್ಟೇ ದುಡ್ಡಿಗೆ ಇಷ್ಟೊಂದು ಊರೇ" ಎಂದು ಹಿಗ್ಗುತ್ತಿದ್ದಾರೆ. ಈ ಹಿಗ್ಗು ತಪ್ಪು ಲೆಕ್ಕದ್ದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇದನ್ನು ನಾವು ಪೆಟ್ಟು ತಿಂದು ಕಲಿತವರು. 2023ರ ಮೇ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಇಂಥದೇ ಒಂದು ತಂಡದಲ್ಲಿ ಹೋಗಿದ್ದೆವು. ಆರು ರಾತ್ರಿ, ಐದು ಹೋಟೆಲು. ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ಬಾಗಿಲ ಹೊರಗೆ, ಏಳಕ್ಕೆ ಬಸ್ಸು. ನಾರಾದ ತೋದಾಯ್‌ಜಿ ದೇವಾಲಯದಲ್ಲಿ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. ಹಿಂದಿನ ದಿನಗಳ ಓಡಾಟದಲ್ಲಿ ಮಂಡಿ ಹಿಡಿದಿದ್ದ ನಮ್ಮ ಮನೆಯವರು ಹೆಬ್ಬಾಗಿಲ ಬಳಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾವೊಬ್ಬರೇ ಒಳಗೆ ಓಡಿ, ನೋಡಿ, ಓಡಿಬಂದೆವು. ಉಜಿ ಎಂಬ ಊರಿನ ಪಕ್ಕದಲ್ಲಿ ಬಸ್ಸು ಹೋಗುವಾಗ ಗೈಡು ಕೈತೋರಿಸಿ, "ಅಗೋ, ಚಹಾ ತೋಟ, ಕಪ್ಪು ಬಟ್ಟೆ ಹೊದಿಸಿದ್ದಾರೆ" ಎಂದ. ಏಕೆ ಹೊದಿಸಿದ್ದಾರೆಂದು ಕೇಳುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. ಊರಿಗೆ ಬಂದ ಮೇಲೆ ಫೋಟೋ ನೋಡುತ್ತಾ ನಮ್ಮ ಮನೆಯವರು, "ಆ ದೊಡ್ಡ ಬುದ್ಧ ಇದ್ದದ್ದು ಯಾವ ಊರಲ್ಲಿ ಅಂದ್ರಿ?" ಎಂದು ಕೇಳಿದರು. ನಮಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು.

ಹಣ್ಣು, ದೋರೆ, ಹಸಿರುಕಾಯಿ ಎನ್ನದೆ ಒಂದೇ ಸಲಕ್ಕೆ ಬಾಚಿ ಕೊಯ್ದರೆ ಚೀಲವೇನೋ ಬೇಗ ತುಂಬುತ್ತದೆ. ಆ ಕಾಫಿಯ ಗತಿ ಏನೆಂಬುದನ್ನು ತಮಗೆ ನಾವು ಹೇಳಬೇಕಾಗಿಲ್ಲ.

ಹಾಗಾದರೆ ಹೇಗೆ ಹೋಗಬೇಕು? ಮೊದಲು ಕಾಲದ ವಿಚಾರ. ಜಪಾನಿನಲ್ಲಿ ಚೆರಿ ಹೂ ಅರಳುವುದು ಟೋಕಿಯೊ, ಕ್ಯೋಟೊಗಳಲ್ಲಿ ಮಾರ್ಚಿ ಕೊನೆ, ಏಪ್ರಿಲ್ ಮೊದಲ ವಾರ. ನಮ್ಮಲ್ಲಿ ಅದು ಹೂಮಳೆಗೆ ಆಕಾಶ ನೋಡುತ್ತಾ, ಇಲ್ಲವೇ ಸ್ಪ್ರಿಂಕ್ಲರ್ ಓಡಿಸುತ್ತಾ ಇರುವ ಕಾಲ, ಬಿಟ್ಟು ಹೋಗುವಂತಿಲ್ಲ. ಏಪ್ರಿಲ್ 29ರಿಂದ ಮೇ 5ರವರೆಗೆ ಅವರಿಗೆ ಸಾಲು ರಜೆ. ರೈಲು, ಹೋಟೆಲು ಎಲ್ಲ ಭರ್ತಿ. ಜೂನಿನಲ್ಲಿ ಅಲ್ಲಿಯೂ ಮಳೆಗಾಲ ಹಿಡಿಯುತ್ತದೆ, ಇಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುವ ಅವಸರ. ಆದುದರಿಂದ ಮೇ 8ರಿಂದ 20ರ ಒಳಗೆ ಹೋಗಿಬರುವುದೇ ಲೇಸು. ಔಷಧಿ ಹೊಡೆಯುವ ಆಳುಗಳನ್ನು ಮಾತಾಡಿಟ್ಟು, ಸುಣ್ಣ, ಮೈಲುತುತ್ತ ತಂದಿಟ್ಟೇ ಹೊರಡಬೇಕು.

ಎರಡನೆಯದಾಗಿ ಊರುಗಳು. ಟೋಕಿಯೊ ಮತ್ತು ಕ್ಯೋಟೊ, ಇವೆರಡೇ ಸಾಕು. ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ನೇರ ವಿಮಾನವಿದೆ. ಸುಮಾರು ಎಂಟು ಗಂಟೆಯ ಪ್ರಯಾಣ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಮಲೆನಾಡಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ನೇರವಾಗಿ ವಿಮಾನ ಹತ್ತಬಾರದು. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ಮಲಗಿ ಎದ್ದು ಹೋಗಬೇಕು.

ಮೊದಲ ದಿನ ಇಳಿದು ಊಟ, ನಿದ್ದೆ, ಬೇರೇನೂ ಬೇಡ. ಎರಡನೆಯ ದಿನ ಬೆಳಿಗ್ಗೆ ಅಸಾಕುಸಾದ ಸೆನ್ಸೋಜಿ ದೇವಾಲಯ, ಸಂಜೆ ಉಯೆನೊ ಕೆರೆಯ ನಡುವಿನ ಬೆಂತೆನ್ ಗುಡಿ. ಈ ಬೆಂತೆನ್ ಬೇರಾರೂ ಅಲ್ಲ, ನಮ್ಮ ಸರಸ್ವತಿಯೇ. ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ಮೂರನೆಯ ದಿನ ಮೇಜಿ ದೇವಾಲಯದ ಕಾಡು. ಕಾಡೆಂದರೆ ತಾನಾಗಿ ಬೆಳೆದದ್ದಲ್ಲ. 1920ರಲ್ಲಿ ದೇವಾಲಯ ಸ್ಥಾಪನೆಯಾದಾಗ ದೇಶದ ಮೂಲೆಮೂಲೆಯಿಂದ ಜನ ದಾನ ಕೊಟ್ಟ ಸುಮಾರು 1,00,000 ಮರಗಳನ್ನು ನೆಟ್ಟು, ಮುಂದೆ ತಾನಾಗಿಯೇ ಬೆಳೆದುಕೊಳ್ಳಲಿ ಎಂದು ಬಿಟ್ಟದ್ದು. ಸುಮಾರು 70 ಹೆಕ್ಟೇರು, ಮಹಾನಗರದ ನಡುವೆ. ನೆರಳು ಮರ ಕಡಿದು ಸಿಲ್ವರ್ ನೆಡಬೇಕೆನ್ನುವ ನಮ್ಮ ಸದಸ್ಯರು ಅಲ್ಲಿ ಅರ್ಧ ದಿನ ಕುಳಿತು ಬರಲಿ. ಮಧ್ಯಾಹ್ನದ ಮೇಲೆ ಒಂದು ಹಳೆಯ ಕಾಫಿ ಅಂಗಡಿ. ಚಹಾ ಕುಡಿಯುವ ದೇಶದವರು ಒಂದೊಂದೇ ಲೋಟ ಕಾಫಿಯನ್ನು ಎಷ್ಟು ನಿಧಾನವಾಗಿ ಸೋಸಿಕೊಡುತ್ತಾರೆಂದು ಬೆಳೆಗಾರರು ನೋಡಲೇಬೇಕು.

ನಾಲ್ಕನೆಯ ದಿನ ಶಿಂಕಾನ್‌ಸೆನ್ ರೈಲಿನಲ್ಲಿ ಕ್ಯೋಟೊಗೆ, ಎರಡೂಕಾಲು ಗಂಟೆ. ಬಲಗಡೆಯ ಕಿಟಕಿ ಕೇಳಿ ಪಡೆದರೆ, ಮೋಡವಿಲ್ಲದಿದ್ದಲ್ಲಿ ಫ್ಯೂಜಿ ಪರ್ವತ ಕೂತಲ್ಲೇ ಕಾಣುತ್ತದೆ. ಅದಕ್ಕೆಂದು ಬೇರೆ ಒಂದು ದಿನ ವ್ಯಯ ಮಾಡಬೇಕಾಗಿಲ್ಲ. ಐದನೆಯ ದಿನ ಉಜಿ, ಕ್ಯೋಟೊದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ಆ ಕಪ್ಪು ಬಟ್ಟೆಯ ಗುಟ್ಟು ನಮಗೆ ತಿಳಿದದ್ದು ಊರಿಗೆ ಬಂದು ಓದಿದ ಮೇಲೆ: ಒಳ್ಳೆಯ ಜಾತಿಯ ಎಲೆಗೆ ಕೊಯ್ಲಿನ ಮುಂಚೆ ಸುಮಾರು ಮೂರು ವಾರ ನೆರಳು ಕಟ್ಟುತ್ತಾರೆ, ಎಲೆ ಕಡುಹಸಿರಾಗಿ ಒಗರು ಕಡಿಮೆಯಾಗುತ್ತದೆ. ಮೇ ತಿಂಗಳು ಅದರ ಕೊಯ್ಲಿನ ಕಾಲ. ನೆರಳಿನಲ್ಲೇ ಬದುಕುವ ನಮಗೆ ಇದಕ್ಕಿಂತ ಹತ್ತಿರದ ನೋಟ ಬೇರೆ ಯಾವುದಿದೆ? ಆರನೆಯ ದಿನ ನಾರಾ. ಅಲ್ಲಿನ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿಗೆ 752ರಲ್ಲಿ ಕಣ್ಣು ಬರೆದವನು ಬೋಧಿಸೇನನೆಂಬ ಭಾರತದ ಭಿಕ್ಷು. ನಲವತ್ತು ನಿಮಿಷದಲ್ಲಿ ನೋಡಿ ಓಡುವ ಸ್ಥಳವಲ್ಲ ಅದು. ಏಳನೆಯ ದಿನ ಬೆಳಿಗ್ಗೆ ಕ್ಯೋಟೊದಲ್ಲೇ ಒಂದು ದೇವಾಲಯ, ಮಧ್ಯಾಹ್ನ ಟೋಕಿಯೊಗೆ ಮರಳುವುದು. ಎಂಟನೆಯ ದಿನ ವಿಮಾನ.

ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು, ಸಂಜೆ ಬಿಡುವು. ಇಷ್ಟೇ ಸೂತ್ರ. ಅಲ್ಲಿ ನಿಲ್ದಾಣದೊಳಗೇ ಮೈಲಿಗಟ್ಟಲೆ ನಡಿಗೆ, ಮೆಟ್ಟಿಲು. ಗುಡ್ಡ ಹತ್ತಿ ಅಭ್ಯಾಸವಿದ್ದವರಿಗೂ ಸಿಮೆಂಟು ನೆಲ ಮಂಡಿ ಹಿಡಿಸುತ್ತದೆ. ದೊಡ್ಡ ಪೆಟ್ಟಿಗೆಯನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಪಾರ್ಸೆಲ್ ಸೇವೆಯವರು ಸಾಮಾನ್ಯವಾಗಿ ಮರುದಿನವೇ ತಲುಪಿಸುತ್ತಾರೆ. ಇದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ಸಸ್ಯಾಹಾರಿಗಳಿಗೊಂದು ಮಾತು. ಅಲ್ಲಿ ಬರೀ ತರಕಾರಿಯಂತೆ ಕಾಣುವ ಸಾರಿಗೂ ಒಣಮೀನಿನ ರಸ ಬಿದ್ದಿರುತ್ತದೆ. ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಮೀನು ಮಾಂಸವಿಲ್ಲ. ಆದರೆ ಮೊದಲೇ ಹೇಳಿಡಬೇಕು. ಅವಲಕ್ಕಿ, ಚಟ್ನಿಪುಡಿ ಜೊತೆಯಲ್ಲಿರಲಿ. ವೀಳ್ಯದೆಲೆ, ಹಣ್ಣು, ಬೀಜ ಒಯ್ಯುವುದು ಬೇಡ, ಅಲ್ಲಿಂದ ಚಹಾದ ಕಡ್ಡಿ ತರುವುದೂ ಬೇಡ. ಎರಡೂ ಕಡೆ ಸಸ್ಯ ತಪಾಸಣೆ ಉಂಟು. ಕಾಯಿಕೊರಕ 1990ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಮೇಲೆ ಪಟ್ಟ ಪಾಡು ಸಾಲದೇ?

ಖರ್ಚಿನ ಬಗ್ಗೆ: ಏಳು ದಿನದ ರೈಲು ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊ–ಕ್ಯೋಟೊ ಹೋಗಿಬರಲು ಬಿಡಿ ಟಿಕೆಟ್ಟಿಗೆ 30,000ದ ಒಳಗೇ ಆಗುತ್ತದೆ. ಎರಡೇ ಊರಿಗೆ ಪಾಸು ಕೊಂಡರೆ ನಷ್ಟವೇ. ಇನ್ನು ಸಾಲ ಮಾಡಿ ಹೋಗುವುದನ್ನು ನಾವು ಒಪ್ಪುವುದಿಲ್ಲ. ಸಂಘದ ಬೆಳೆಸಾಲ ಗೊಬ್ಬರಕ್ಕೆ, ಕೂಲಿಗೆ ಹೊರತು ವಿಮಾನಕ್ಕಲ್ಲ.

"ಹೋಗುವುದೇ ಒಂದು ಸಲ, ಎಲ್ಲಾ ನೋಡಿಬಿಡೋಣ ಮಾರಾಯ್ರೇ" ಎಂದು ಹಿರಿಯ ಸದಸ್ಯರೊಬ್ಬರು ನಮಗೆ ಹೇಳಿದರು. ಅವರಿಗೆ ಅರವತ್ತೆಂಟು. ಮಾತಿನಲ್ಲಿ ನ್ಯಾಯವಿದೆ, ಎರಡನೆಯ ಸಲ ಹೋಗುವೆವೆಂಬ ಭರವಸೆ ನಮ್ಮಲ್ಲಿ ಯಾರಿಗೂ ಇಲ್ಲ. ಹಿರೋಶಿಮಾ ನೋಡದೆ ಬರುವುದು ನಷ್ಟವೇ ಸರಿ. ಆದರೆ ಒಂದೇ ಸಲ ಹೋಗುವವರಿಗೇ ನಿಧಾನ ಹೆಚ್ಚು ಬೇಕು ಎಂಬುದು ನಮ್ಮ ವಾದ. ಜೊತೆಯಲ್ಲಿ ಬರುವ ಹೆಂಗಸರು ಈವರೆಗೆ ತವರು, ಧರ್ಮಸ್ಥಳ ಬಿಟ್ಟು ಎಲ್ಲಿಯೂ ಹೋಗದವರು. ಅವರು ಕಲ್ಲಿನ ಮೇಲೆ ಕುಳಿತು ಗಂಡಂದಿರಿಗಾಗಿ ಕಾಯುವಂತೆ ಆಗಬಾರದು.

ವೀಸಾ ಅರ್ಜಿಯ ಜೊತೆಗೆ ದಿನದಿನದ ಕಾರ್ಯಕ್ರಮದ ಪಟ್ಟಿಯನ್ನು ಹೇಗೂ ಕೊಡಬೇಕು. ಅದನ್ನು ಕಂಪನಿಯವರು ಬರೆಯುವುದಕ್ಕಿಂತ ನಾವೇ ಕುಳಿತು ಬರೆಯೋಣ. ಹೊರಡುವ ಇಚ್ಛೆಯುಳ್ಳವರು ಮನೆಯವರೊಂದಿಗೆ ಮುಂದಿನ ಸಂತೆ ದಿನ ಹನ್ನೊಂದು ಗಂಟೆಗೆ ಸಂಘದ ಕಛೇರಿಗೆ ಬರಬೇಕಾಗಿ ವಿನಂತಿ. ಕರಪತ್ರವನ್ನೂ ಈ ಪಟ್ಟಿಯನ್ನೂ ಮುಂದಿಟ್ಟುಕೊಂಡು ಚರ್ಚಿಸೋಣ. ನಮ್ಮ ಅಭಿಪ್ರಾಯವನ್ನು ಒಪ್ಪದವರು ಅವಶ್ಯ ಬರಬೇಕು.

— ಕಾರ್ಯದರ್ಶಿ